ನಮ್ಮ ಕರೆಂಟಿಗೆ ಸೌದೆ ತರುವವರು ಯಾರು?

(ತುಮಕೂರು ಜಿಲ್ಲೆಯಲ್ಲಿ ರೈತರು ಮತ್ತು ಕಾಲೇಜು ವಿದ್ಯಾರ್ಥಿಗಳ ಎದುರು ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಮ್ಮ ರಾಜ್ಯದಲ್ಲಿ ಸೋಲಾರ್ ಮತ್ತು ಗಾಳಿ ವಿದ್ಯುತ್ತಿನ ಸಾಮರ್ಥ್ಯ ಎರಡೂ ಸೇರಿ 15,000 ಮೆಗಾವ್ಯಾಟ್ ದಾಟಿದೆ. 2025ರ ಬೇಸಿಗೆಯಲ್ಲಿ ಇಡೀ ರಾಜ್ಯದ ಗರಿಷ್ಠ ಬೇಡಿಕೆ 18,000 ಮೆಗಾವ್ಯಾಟ್ ದಾಟಿತು. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದವರಿಗೆ, ‘ಇನ್ನೊಂದು ಮೂರು ಸಾವಿರ ಮೆಗಾವ್ಯಾಟ್ ಹಾಕಿಬಿಟ್ಟರೆ ಕಲ್ಲಿದ್ದಲಿನ ಸಹವಾಸ ಮುಗೀತು’ ಅನಿಸಬಹುದು. ಹಾಗೆ ಮುಗಿಯುವುದಿಲ್ಲ. ಯಾಕೆ ಅನ್ನುವುದರಿಂದಲೇ ಶುರು ಮಾಡೋಣ.

ಮೆಗಾವ್ಯಾಟ್ ಅಂದರೆ ಯಂತ್ರದ ತಾಕತ್ತು. ನಾವು ಬಿಲ್ ಕಟ್ಟುವುದು ಯೂನಿಟ್‌ಗೆ. ಒಂದು ಮೆಗಾವ್ಯಾಟ್ ಯಂತ್ರ ವರ್ಷವಿಡೀ ನಿಲ್ಲದೆ ಓಡಿದರೆ 87.6 ಲಕ್ಷ ಯೂನಿಟ್ ಬರುತ್ತದೆ. ಅಷ್ಟೇ ತಾಕತ್ತಿನ ಸೋಲಾರ್‌ನಿಂದ ಸಿಗುವುದು ಸುಮಾರು ಅದರ ಐದನೇ ಒಂದು ಭಾಗ. ರಾತ್ರಿ ಬಿಸಿಲಿಲ್ಲ, ಬೆಳಿಗ್ಗೆ ಸಂಜೆ ಎಳೆಬಿಸಿಲು, ಮಳೆಗಾಲದಲ್ಲಿ ಮೋಡ. ಗಾಳಿಗೂ ಅದರದೇ ಕಾಲ ಇದೆ. ಗದಗದ ಕಪ್ಪತಗುಡ್ಡದ ಸುತ್ತ, ಚಿತ್ರದುರ್ಗದ ಗುಡ್ಡಗಳ ಮೇಲೆ ನಿಂತಿರುವ ಫ್ಯಾನುಗಳು ಮುಂಗಾರಿನಲ್ಲಿ ರಭಸದಿಂದ ತಿರುಗುತ್ತವೆ. ಅಕ್ಟೋಬರ್ ಬಂತು ಅಂದರೆ ಅವುಗಳ ವೇಗ ಇಳಿಯುತ್ತದೆ.

ಇನ್ನು ನಮ್ಮ ಬೇಡಿಕೆ. ಮಧ್ಯಾಹ್ನ ಒಂದು ಗಂಟೆಗೆ ಸೋಲಾರ್ ತುಂಬಿ ಹರಿಯುತ್ತಿರುತ್ತದೆ. ಸಂಜೆ ಆರೂವರೆಗೆ ಅದು ಸೊನ್ನೆ. ಆದರೆ ಅದೇ ಹೊತ್ತಿಗೆ ಮನೆ ಮನೆಯಲ್ಲಿ ದೀಪ, ಟಿವಿ, ಮಿಕ್ಸಿ ಎಲ್ಲ ಶುರುವಾಗುತ್ತವೆ. ಬೇಸಿಗೆ ಆದರೆ ಫ್ಯಾನು, ಎಸಿ ಬೇರೆ. ಆ ಎರಡು ಮೂರು ಗಂಟೆಯ ಜಾಗ ತುಂಬುವುದೇ ಕಷ್ಟ. ಈಗ ಅದನ್ನು ತುಂಬುತ್ತಿರುವುದು ಮುಖ್ಯವಾಗಿ ಶರಾವತಿಯಂಥ ನದಿಗಳ ನೀರು ಮತ್ತು ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಸ್ಥಾವರಗಳು.

ನೀರಿನ ಕರೆಂಟಿನಲ್ಲಿ ನಮಗೆ ದೊಡ್ಡ ಇತಿಹಾಸವೇ ಇದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ಕಳಿಸಿದರು. 1905ರಲ್ಲಿ ಬೆಂಗಳೂರಿನ ಬೀದಿ ದೀಪ ಉರಿದದ್ದೂ ಅದೇ ಕರೆಂಟಿನಿಂದ. ಆಮೇಲೆ ಜೋಗ, ಲಿಂಗನಮಕ್ಕಿ, ಕಾಳಿ. ರಾಯಚೂರಿನ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಕಲ್ಲಿದ್ದಲು ಘಟಕ ಶುರುವಾಗುವವರೆಗೂ ಈ ರಾಜ್ಯ ಬಹುಮಟ್ಟಿಗೆ ನೀರಿನ ಮೇಲೇ ನಡೆಯಿತು. ಅಂದರೆ ನಮಗೆ ಕಡಿಮೆ ಇಂಗಾಲದ ವಿದ್ಯುತ್ ಹೊಸದೇನಲ್ಲ. ಆದರೆ ಅದಕ್ಕೆ ಬೆಲೆ ತೆತ್ತವರು ಬೇರೆಯವರು. ಲಿಂಗನಮಕ್ಕಿಯಲ್ಲಿ ಮುಳುಗಿದ ಸಾಗರ, ಹೊಸನಗರ ಸೀಮೆಯ ಎಷ್ಟೋ ಕುಟುಂಬಗಳು ಇವತ್ತಿಗೂ ತಮಗೆ ಕೊಟ್ಟ ಜಮೀನಿನ ಹಕ್ಕುಪತ್ರಕ್ಕಾಗಿ ಅಲೆಯುತ್ತಿವೆ. ಹೊಸ ವಿದ್ಯುತ್ತಿನ ಮಾತು ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಅವರು.

ಕಲ್ಲಿದ್ದಲಿನದು ಇನ್ನೊಂದು ಪಾಡು. ನಮ್ಮಲ್ಲಿ ಒಂದು ಕಲ್ಲಿದ್ದಲು ಗಣಿಯೂ ಇಲ್ಲ. ತೆಲಂಗಾಣದ ಸಿಂಗರೇಣಿಯಿಂದ, ಒಡಿಶಾದಿಂದ ರೈಲಿನಲ್ಲಿ ಬರಬೇಕು. ಬಂದದ್ದರಲ್ಲಿ ಮೂರನೇ ಒಂದು ಭಾಗಕ್ಕೂ ಜಾಸ್ತಿ ಬರೀ ಬೂದಿ. ಒಂದು ಯೂನಿಟ್ ಮಾಡಲು ಹತ್ತಿರ ಹತ್ತಿರ ಒಂದು ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಗುತ್ತದೆ.

ಹಾಗಾದರೆ ಸಂಜೆಯ ಹೊತ್ತು ತುಂಬುವುದು ಹೇಗೆ? ಬ್ಯಾಟರಿ ಒಂದು ದಾರಿ. ಅದರ ಬೆಲೆ ಬೇಗ ಇಳಿಯುತ್ತಿದೆ. ಪಂಪ್ಡ್ ಸ್ಟೋರೇಜ್ ಇನ್ನೊಂದು: ಹಗಲು ಸೋಲಾರ್‌ನಿಂದ ನೀರನ್ನು ಮೇಲಕ್ಕೆತ್ತಿ, ಸಂಜೆ ಕೆಳಗೆ ಬಿಡುವುದು. ಉಪಾಯ ಒಳ್ಳೆಯದೇ. ಆದರೆ ಶರಾವತಿ ಕಣಿವೆಯ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಮಾಡಲು ಹೊರಟಿರುವ 2,000 ಮೆಗಾವ್ಯಾಟ್ ಯೋಜನೆ ಸಿಂಗಳೀಕಗಳ ಅಭಯಾರಣ್ಯದ ಒಳಗೇ ಬರುತ್ತದೆ. ಆ ಕಣಿವೆಯನ್ನು ಮತ್ತೊಮ್ಮೆ ಕೆಡವುವುದು ನನಗೆ ಒಪ್ಪಿಗೆ ಇಲ್ಲ. ಬೇರೆ ಜಾಗಗಳಿವೆ, ಬೇರೆ ದಾರಿಗಳಿವೆ.

ಅಂಥ ಬೇರೆ ದಾರಿಗಳಲ್ಲಿ ನಾವು ಕಡಿಮೆ ಮಾತಾಡುವುದು ಜೈವಿಕ ಶಕ್ತಿಯ ಬಗ್ಗೆ. ಸಗಣಿ, ಸೌದೆ, ಭತ್ತದ ಹೊಟ್ಟು, ತೆಂಗಿನ ಚಿಪ್ಪು, ಕಬ್ಬಿನ ಸಿಪ್ಪೆ. ಇದರ ಗುಣ ಏನು? ಇಟ್ಟುಕೊಂಡು, ಬೇಕಾದಾಗ ಸುಡಬಹುದು. ಬಿಸಿಲನ್ನು ಕೊಟ್ಟಿಗೆಯಲ್ಲಿ ಕೂಡಿಡಲು ಆಗುವುದಿಲ್ಲ. ಹೊಟ್ಟನ್ನು ಕೂಡಿಡಬಹುದು.

ಕಬ್ಬಿನಿಂದ ಹಿಡಿಯೋಣ, ಯಾಕೆಂದರೆ ನಮ್ಮ ಜೈವಿಕ ವಿದ್ಯುತ್ತಿನ ಬಹುಪಾಲು ಅಲ್ಲೇ ಇದೆ. ಸಕ್ಕರೆ ತಯಾರಿಕೆಯಲ್ಲಿ ಉತ್ತರ ಪ್ರದೇಶ, ಮಹಾರಾಷ್ಟ್ರ ಬಿಟ್ಟರೆ ನಾವೇ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಮಂಡ್ಯ ಕಡೆಯ ಕಾರ್ಖಾನೆಗಳನ್ನು ನೋಡಿದವರಿಗೆ ಗೊತ್ತು: ಒಂದು ಟನ್ ಕಬ್ಬು ಅರೆದರೆ ಸುಮಾರು 300 ಕೆಜಿ ಸಿಪ್ಪೆ ಉಳಿಯುತ್ತದೆ. ಅದರಲ್ಲಿ ಅರ್ಧ ತೇವ. ಹಿಂದೆ ಅದನ್ನು ಸಣ್ಣ ಒತ್ತಡದ ಬಾಯ್ಲರ್‌ಗೆ ತುಂಬಿ ಹೇಗೋ ಸುಟ್ಟು ಮುಗಿಸುತ್ತಿದ್ದರು. ಸಿಪ್ಪೆಯ ರಾಶಿ ಕರಗಿದರೆ ಸಾಕಿತ್ತು. ಆಮೇಲೆ ಹೆಚ್ಚು ಒತ್ತಡದ ಬಾಯ್ಲರ್ ಬಂತು. ಅದೇ ಸಿಪ್ಪೆಯಿಂದ ಕಾರ್ಖಾನೆಗೆ ಬೇಕಾದ ಉಗಿ ಮತ್ತು ಕರೆಂಟು ಎರಡೂ ಬಂದು, ಮಿಕ್ಕ ಕರೆಂಟನ್ನು ಗ್ರಿಡ್‌ಗೆ ಮಾರುವಂತಾಯಿತು. ಸಿಪ್ಪೆ ಮತ್ತು ಉಳಿದ ಬಯೋಮಾಸ್ (ಹೊಟ್ಟು, ಸೌದೆಯಂಥ ಜೈವಿಕ ಇಂಧನ) ಸೇರಿ ರಾಜ್ಯದಲ್ಲಿ ಈಗ ಸುಮಾರು 1,900 ಮೆಗಾವ್ಯಾಟ್ ಸಾಮರ್ಥ್ಯ ಇದೆ.

ಇದರಲ್ಲಿ ನನಗೆ ತುಂಬ ಹಿಡಿಸುವ ಒಂದು ಸಂಗತಿ ಕ್ಯಾಲೆಂಡರ್. ಮುಂಗಾರಿನಲ್ಲಿ ಗಾಳಿ ಜೋರು, ಅಣೆಕಟ್ಟುಗಳೂ ತುಂಬುತ್ತವೆ. ಗಾಳಿ ಇಳಿಯುವ ಹೊತ್ತಿಗೆ, ಅಕ್ಟೋಬರ್ ಕೊನೆ, ನವೆಂಬರ್‌ಗೆ ಕಬ್ಬು ಅರೆಯುವುದು ಶುರು. ಅದು ಮಾರ್ಚ್ ಆಸುಪಾಸಿನವರೆಗೆ ನಡೆಯುತ್ತದೆ. ಫೆಬ್ರವರಿಯಿಂದ ಮೇವರೆಗೆ ಬಿಸಿಲು ಖಾರ, ಸೋಲಾರ್‌ಗೆ ಸುಗ್ಗಿ. ಯಾರೂ ಕೂತು ಯೋಜನೆ ಹಾಕಿದ್ದಲ್ಲ. ಈ ನಾಡಿನ ಹವಾಮಾನವೇ ಒಂದು ಮುಗಿಯುವಾಗ ಇನ್ನೊಂದನ್ನು ತಂದುಕೊಡುತ್ತಿದೆ. ಕಾರ್ಖಾನೆಗಳು ಸ್ವಲ್ಪ ಸಿಪ್ಪೆಯನ್ನು ಒಣಗಿಸಿ ಉಳಿಸಿಕೊಂಡರೆ ಏಪ್ರಿಲ್, ಮೇ ತಿಂಗಳ ಸಂಜೆಗಳಿಗೂ ಅದು ಸಿಗುತ್ತದೆ.

ಆದರೆ ಇದರ ಮಿತಿಯನ್ನೂ ಹೇಳಬೇಕು. 2023ರಲ್ಲಿ ಮಳೆ ಕೈಕೊಟ್ಟಿತು. ಜಲಾಶಯ ತುಂಬಲಿಲ್ಲ, ಪಂಪ್‌ಸೆಟ್‌ಗಳು ಮಳೆಗಾಲದಲ್ಲೇ ಓಡತೊಡಗಿದವು, ಅಕ್ಟೋಬರ್ ಹೊತ್ತಿಗೆ ಹಳ್ಳಿಗಳಲ್ಲಿ ಲೋಡ್ ಶೆಡ್ಡಿಂಗ್. ಆಗ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಬಳಸಿ, ರಾಜ್ಯದಲ್ಲಿ ವಿದ್ಯುತ್ ತಯಾರಿಸುವ ಖಾಸಗಿಯವರು ರಾಜ್ಯಕ್ಕೇ ಮಾರಬೇಕು ಅಂತ ಆದೇಶ ಮಾಡಿತು. ಉತ್ತರ ಪ್ರದೇಶ ಮತ್ತು ಪಂಜಾಬಿನಿಂದ ಆಮೇಲೆ ವಾಪಸ್ ಕೊಡುವ ಕರಾರಿನ ಮೇಲೆ ಕಡ ತಂದರು. ಸಕ್ಕರೆ ಕಾರ್ಖಾನೆಗಳ ಕರೆಂಟು ಎಷ್ಟು ಬೆಲೆಬಾಳುತ್ತದೆ ಅಂತ ಆಗ ಎಲ್ಲರಿಗೂ ಅರಿವಾಯಿತು. ಆದರೆ ಬರ ಬಂದರೆ ಕಬ್ಬೂ ಒಣಗುತ್ತದೆ. ನೀರಿನ ಕೊರತೆಯನ್ನು ನೀರು ಕುಡಿದು ಬೆಳೆಯುವ ಬೆಳೆಯಿಂದ ತುಂಬಲು ಆಗುವುದಿಲ್ಲ. ಇಂಧನಕ್ಕೆಂದೇ ಇನ್ನಷ್ಟು ಕಬ್ಬು ಹಾಕಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಉಳಿದ ಸಿಪ್ಪೆಯನ್ನು ಬಳಸೋಣ, ಸಿಪ್ಪೆಗಾಗಿ ಬೆಳೆಯುವುದು ಬೇಡ.

ಈಗ ನಿಮ್ಮದೇ ಜಿಲ್ಲೆಗೆ ಬರುತ್ತೇನೆ. ಜೈವಿಕ ಶಕ್ತಿಯ ವಿಷಯದಲ್ಲಿ ಇಡೀ ದೇಶಕ್ಕೆ ಪಾಠವಾದ ಊರುಗಳು ಇಲ್ಲಿವೆ. ಇಲ್ಲಿನ ಹುಡುಗರಿಗೇ ಅದು ಗೊತ್ತಿಲ್ಲದಿದ್ದರೆ ನನಗೆ ಬೇಜಾರಾಗುತ್ತದೆ.

1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿ ಅವರು ‘ಅಸ್ತ್ರ’ ಅನ್ನುವ ಕೇಂದ್ರ ಶುರು ಮಾಡಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಹುಡುಕುವುದು ಅದರ ಕೆಲಸ. ಹೊಗೆ ಕಡಿಮೆ ಮಾಡುವ ಅಸ್ತ್ರ ಒಲೆ ನಿಮ್ಮಲ್ಲಿ ಹಲವರ ಮನೆಯಲ್ಲಿ ಇದ್ದಿರಬೇಕು, ಅಲ್ವಾ? ಅದು ಅವರದೇ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರು ಒಂದು ಕೇಂದ್ರ ಮಾಡಿಕೊಂಡು ಸುತ್ತಲಿನ ಊರುಗಳಲ್ಲಿ ಕೆಲಸ ಮಾಡಿದರು.

ಅದರಲ್ಲಿ ಒಂದು ಊರು ಪುರ. ಮೊದಲು ಅಲ್ಲಿ ಇಡೀ ಊರಿಗೆ ಒಂದೇ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿ, ಮನೆ ಮನೆಗೆ ಅಡುಗೆಗೆ ಗ್ಯಾಸ್ ಕೊಡುವ ಯೋಚನೆ ಇತ್ತು. ಲೆಕ್ಕ ಹಾಕಿದಾಗ ಊರಿನ ಸಗಣಿ ಎಲ್ಲರ ಅಡುಗೆಗೆ ಸಾಲುವಂತಿರಲಿಲ್ಲ. ಆ ಯೋಚನೆ ಬಿದ್ದುಹೋಯಿತು. ಆಮೇಲೆ ಊರಿನವರನ್ನೇ ಕೂರಿಸಿ ಕೇಳಿದರು: ನಿಮಗೆ ಮೊದಲು ಏನು ಬೇಕು? ಕುಡಿಯುವ ನೀರು ಅಂದರು. ಹಾಗಾಗಿ 1987ರಿಂದ ಅದೇ ಗ್ಯಾಸಿನಿಂದ ಡೀಸೆಲ್ ಎಂಜಿನ್ ಓಡಿಸಿ, ಕರೆಂಟು ಮಾಡಿ, ಬೋರ್‌ವೆಲ್‌ನಿಂದ ನೀರೆತ್ತಿ ನಲ್ಲಿಗೆ ಬಿಟ್ಟರು. ಸಂಜೆ ಮನೆಗಳಿಗೆ ದೀಪ.

ಆಗ ಅಲ್ಲಿದ್ದ ವ್ಯವಸ್ಥೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬೆಳಿಗ್ಗೆ ಹೆಂಗಸರು, ಮಕ್ಕಳು ಕೊಟ್ಟಿಗೆಯ ಸಗಣಿಯನ್ನು ಸ್ಥಾವರಕ್ಕೆ ತರುತ್ತಿದ್ದರು. ಅಲ್ಲಿ ತಕ್ಕಡಿ ಇತ್ತು, ಊರಿನ ಹುಡುಗರೇ ಕೆಲಸಕ್ಕಿದ್ದರು. ತೂಕ ಹಾಕಿ ಬರೆದುಕೊಳ್ಳುತ್ತಿದ್ದರು. ಗ್ಯಾಸ್ ಬಿಟ್ಟ ಮೇಲೆ ಬರುವ ಬಗ್ಗಡವನ್ನು ಮರಳಿನ ಹಾಸಿನ ಮೇಲೆ ಸೋಸಿ ನೀರು ಇಳಿಸುತ್ತಿದ್ದರು. ಅದು ಮತ್ತೆ ಸಗಣಿಯಷ್ಟು ಗಟ್ಟಿಯಾಗುತ್ತಿತ್ತು. ಸಗಣಿ ತಂದವರು ತಮ್ಮ ಪಾಲಿನ ಗೊಬ್ಬರ ವಾಪಸ್ ಒಯ್ಯುತ್ತಿದ್ದರು. ಅದರ ಜೊತೆಗೆ ತಂದಿದ್ದಕ್ಕೆ ಕೆಜಿಗೆ ಎರಡು ಪೈಸೆ ಕೂಲಿ.

ಎರಡು ಪೈಸೆ ಸಣ್ಣದು ಅನಿಸಬಹುದು. ಆದರೆ ಅದು ಸೇರಿದ್ದು ಸಗಣಿ ಹೊತ್ತು ತಂದ ಹೆಂಗಸರ, ಮಕ್ಕಳ ಕೈಗೆ. ದನ ಇದ್ದವರ ಗೊಬ್ಬರ ಕೈತಪ್ಪಲಿಲ್ಲ, ತಂದವರ ಶ್ರಮಕ್ಕೆ ದುಡ್ಡು ಬಂತು, ದನ ಇಲ್ಲದವರ ಮನೆಗೂ ನೀರು ಮತ್ತು ದೀಪ ಬಂತು. ಸ್ಥಾವರ ನಡೆದದ್ದು ಇದರಿಂದ. ಟ್ಯಾಂಕಿನ ವಿನ್ಯಾಸ ಎಷ್ಟೇ ಚೆನ್ನಾಗಿದ್ದರೂ ಬೆಳಿಗ್ಗೆ ಸಗಣಿ ಬರದಿದ್ದರೆ ಸಂಜೆ ದೀಪ ಇಲ್ಲ.

ಅದೇ ತಾಲ್ಲೂಕಿನ ಹೊಸಹಳ್ಳಿಯದು ಸೌದೆಯ ಕಥೆ. ಕರೆಂಟೇ ಇಲ್ಲದಿದ್ದ ಪುಟ್ಟ ಊರು. 1988ರಲ್ಲಿ ಅಲ್ಲಿ ಗ್ಯಾಸಿಫೈಯರ್ ಹಾಕಿದರು. ಒಣಗಿದ ಸೌದೆಯನ್ನು ಸಣ್ಣ ತುಂಡು ಮಾಡಿ, ಗಾಳಿ ಕಮ್ಮಿ ಕೊಟ್ಟು ಸುಟ್ಟರೆ, ಅದು ಪೂರ್ತಿ ಉರಿಯದೆ ಹೊತ್ತಿಕೊಳ್ಳುವ ಅನಿಲವಾಗಿ ಹೊರಬರುತ್ತದೆ. ಅದನ್ನು ತಣಿಸಿ, ಟಾರು ತೆಗೆದು, ಎಂಜಿನ್‌ಗೆ ಕೊಡುವುದು. ಡೀಸೆಲ್ ಸ್ವಲ್ಪ ಸಾಕು. ಸೌದೆಗಾಗಿ ಊರ ಪಕ್ಕದಲ್ಲೇ ಎರಡು ಹೆಕ್ಟೇರ್ ನೆಡುತೋಪು ಬೆಳೆಸಿದರು. ದೀಪ, ಕುಡಿಯುವ ನೀರು, ಹಿಟ್ಟಿನ ಗಿರಣಿ, ಆಮೇಲೆ ಹೊಲಕ್ಕೂ ನೀರು. ಶುರುವಾದದ್ದು 3.7 ಕಿಲೋವ್ಯಾಟ್‌ನಿಂದ, ಬೆಳೆದದ್ದು 20 ಕಿಲೋವ್ಯಾಟ್‌ಗೆ. ಹದಿನಾಲ್ಕು ವರ್ಷಕ್ಕೂ ಮೇಲೆ ಅದು ಊರಿಗೆ ಸೇವೆ ಕೊಟ್ಟಿತು.

ಹೊಸಹಳ್ಳಿಯ ಲೆಕ್ಕದಲ್ಲಿ ಒಂದು ಅಂಶವನ್ನು ವಿದ್ಯಾರ್ಥಿಗಳು ಬರೆದುಕೊಳ್ಳಬೇಕು. ಐದು ಕಿಲೋವ್ಯಾಟ್ ಮಾತ್ರ ಬಳಸಿದಾಗ ಇಂಧನ ಮತ್ತು ನಿರ್ವಹಣೆಯ ಖರ್ಚು ಯೂನಿಟ್‌ಗೆ 5.85 ರೂಪಾಯಿ. ಅದೇ ಯಂತ್ರವನ್ನು 20 ಕಿಲೋವ್ಯಾಟ್ ಪೂರ್ತಿ ಬಳಸಿದಾಗ 3.34 ರೂಪಾಯಿ. ಬರೀ ದೀಪಕ್ಕೆ ಓಡಿಸಿದರೆ ದುಬಾರಿ. ಗಿರಣಿ, ಪಂಪು ಸೇರಿದರೆ ಅಗ್ಗ. ಹಳ್ಳಿಗೆ ಕರೆಂಟು ಕೊಟ್ಟು ಕೆಲಸ ಕೊಡದಿದ್ದರೆ ಕರೆಂಟೂ ನಿಲ್ಲುತ್ತದೆ.

ಇದನ್ನೇ ದೊಡ್ಡದು ಮಾಡಲು ಹೊರಟದ್ದು ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ನಡೆದ ಯೋಜನೆ ಅದು. ಗ್ರಾಮ ಪಂಚಾಯಿತಿಯೇ ಸೌದೆಯಿಂದ ಕರೆಂಟು ಮಾಡಿ ವಿದ್ಯುತ್ ಕಂಪನಿ ಬೆಸ್ಕಾಂಗೆ ಮಾರಿತು. ಎಂಥ ಹೆಮ್ಮೆಯ ಕೆಲಸ! ಪಂಚಾಯಿತಿ ಕರೆಂಟು ಕೊಳ್ಳುವುದು, ಬಾಕಿ ಉಳಿಸಿಕೊಳ್ಳುವುದು ನಾವು ಕಂಡದ್ದು. ಇಲ್ಲಿ ಪಂಚಾಯಿತಿ ಮಾರುತ್ತಿತ್ತು. ಆದರೆ ಸಿಕ್ಕ ದರ ಯೂನಿಟ್‌ಗೆ ಮೂರು ರೂಪಾಯಿಯ ಆಸುಪಾಸು. ಖರ್ಚು ಅದಕ್ಕಿಂತ ಜಾಸ್ತಿ. ಒಂದು ಯೂನಿಟ್‌ಗೆ ಒಂದೂಕಾಲು ಕೆಜಿಯ ಹತ್ತಿರ ಒಣ ಸೌದೆ ಬೇಕು. 500 ಕಿಲೋವ್ಯಾಟ್ ಯಂತ್ರವನ್ನು ದಿನಕ್ಕೆ ಹತ್ತು ಗಂಟೆ ಓಡಿಸುತ್ತೇವೆ ಅಂದುಕೊಳ್ಳಿ. ದಿನಾ ಆರು ಟನ್ ಸೌದೆ. ಅದನ್ನು ಕಡಿಯಬೇಕು, ಸಾಗಿಸಬೇಕು, ಒಣಗಿಸಬೇಕು, ತುಂಡು ಮಾಡಬೇಕು. ಇಷ್ಟೂ ಜನರಿಗೆ ಸರಿಯಾದ ಕೂಲಿ ಕೊಟ್ಟರೆ ಆ ದರದಲ್ಲಿ ಏನು ಉಳಿಯುತ್ತದೆ?

ನಾನು ಇವತ್ತು ಹೇಳಬೇಕೆಂದು ಬಂದ ಮಾತು ಇದೇ. ಬಿಸಿಲನ್ನು ಯಾರೂ ಹೊತ್ತು ತರಬೇಕಿಲ್ಲ. ಗಾಳಿಯನ್ನೂ ಅಷ್ಟೆ. ಜೈವಿಕ ಇಂಧನ ಹಾಗಲ್ಲ. ದಿನಾ ಯಾರೋ ಬಾಗಿ, ಬಾಚಿ, ಹೊತ್ತು ತಂದರೆ ಮಾತ್ರ ಅದು ಬರುತ್ತದೆ. ಆ ಕೂಲಿ ಕರೆಂಟಿನ ದರದಲ್ಲಿ ಇರಲೇಬೇಕು. ಇಲ್ಲದಿದ್ದರೆ ಯಂತ್ರಕ್ಕೆ ಎಷ್ಟು ಸಬ್ಸಿಡಿ ಕೊಟ್ಟರೂ ಅದು ತುಕ್ಕು ಹಿಡಿಯುತ್ತದೆ. ನಮ್ಮ ಯೋಜನೆಗಳಲ್ಲಿ ಯಂತ್ರ ಕೊಳ್ಳಲು ಧಾರಾಳವಾಗಿ ಹಣ ಇರುತ್ತದೆ, ಇಂಧನ ತರುವವರ ಸಾಲು ಖಾಲಿ ಇರುತ್ತದೆ.

‘ಸೋಲಾರ್ ಎರಡೂವರೆ, ಮೂರು ರೂಪಾಯಿಗೆ ಸಿಗುವಾಗ ಬಯೋಮಾಸ್‌ಗೆ ಯಾಕೆ ಜಾಸ್ತಿ ಕೊಡಬೇಕು?’ ಅಂತ ಕೇಳುವವರು ಇದ್ದಾರೆ. ಈ ಹೋಲಿಕೆಯೇ ಸರಿಯಲ್ಲ. ಮಧ್ಯಾಹ್ನದ ಯೂನಿಟ್ಟಿಗೂ ಸಂಜೆ ಏಳೂವರೆಯ ಯೂನಿಟ್ಟಿಗೂ ಒಂದೇ ಬೆಲೆ ಅಲ್ಲ. ಜೈವಿಕ ವಿದ್ಯುತ್ತನ್ನು ಹೋಲಿಸಬೇಕಾದ್ದು ಅದೇ ಹೊತ್ತಿನಲ್ಲಿ ಹೊರಗಿನಿಂದ ಕೊಳ್ಳುವ ಕರೆಂಟಿನ ಬೆಲೆಗೆ, ಬ್ಯಾಟರಿಯಿಂದ ಬರುವ ಕರೆಂಟಿನ ಬೆಲೆಗೆ. ಹಾಗೆಯೇ ಬಯೋಮಾಸ್ ಘಟಕಗಳೂ ಹಗಲಿಡೀ ಓಡುವುದು ಬಿಟ್ಟು ಸಂಜೆಗೆ ಇಂಧನ ಉಳಿಸಿಕೊಳ್ಳಬೇಕು. ಮಧ್ಯಾಹ್ನ ಸೋಲಾರ್ ತುಂಬಿರುವಾಗ ಹೊಟ್ಟು ಸುಡುವುದು ಹೊಟ್ಟಿನ ದಂಡ.

ಎಲ್ಲವನ್ನೂ ಸುಡಬಾರದು ಅನ್ನುವುದೂ ಅಷ್ಟೇ ಮುಖ್ಯ. ಕಬ್ಬಿನ ರವದಿಯನ್ನು, ಅಂದರೆ ಒಣ ಎಲೆಯನ್ನು, ಹೊಲದಲ್ಲೇ ಬೆಂಕಿ ಹಚ್ಚುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಹಾಗಂತ ಅದನ್ನೆಲ್ಲ ಬಾಚಿ ಬಾಯ್ಲರ್‌ಗೆ ಹಾಕುವುದೂ ಸರಿಯಲ್ಲ. ರವದಿಯ ಬಹುಪಾಲು ಹೊಲದಲ್ಲೇ ಮುಚ್ಚಿಗೆಯಾಗಿ ಕೊಳೆಯಲಿ. ಮಣ್ಣಿಗೆ ಅದು ಬೇಕು. ಸಗಣಿ, ತರಕಾರಿ ಮಾರ್ಕೆಟ್ಟಿನ ಕಸ, ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಸೋಸಿದಾಗ ಉಳಿಯುವ ಪ್ರೆಸ್‌ಮಡ್ ಇಂಥ ಒದ್ದೆ ಪದಾರ್ಥ ಗ್ಯಾಸಿಗೆ ಹೋಗಲಿ, ಯಾಕೆಂದರೆ ಗ್ಯಾಸ್ ಬಿಟ್ಟ ಮೇಲೂ ಗೊಬ್ಬರ ಉಳಿಯುತ್ತದೆ. ಚಿಪ್ಪು, ಭತ್ತದ ಹೊಟ್ಟು, ಅಡಿಕೆ ಸಿಪ್ಪೆ, ಮುಸುಕಿನ ಜೋಳದ ದಿಂಡು ಇವು ಒಲೆಗೆ. ಕಾಡಿನ ಮರಕ್ಕೆ ಮಾತ್ರ ಯಾರೂ ಕೈ ಹಾಕಬಾರದು. ಕಡಿದ ಮರ ಮತ್ತೆ ಬೆಳೆದು ಅಷ್ಟೇ ಇಂಗಾಲ ಹೀರಿಕೊಂಡಾಗ ಮಾತ್ರ ಲೆಕ್ಕ ಚುಕ್ತಾ ಆಗುವುದು.

ಗೋಬರ್ ಗ್ಯಾಸಿನಿಂದ ಪಂಪ್‌ಸೆಟ್ ಓಡಿಸಬಹುದಾ ಅಂತ ರೈತರು ಕೇಳುತ್ತಾರೆ. ಲೆಕ್ಕ ಹಾಕಿ. ಸುಮಾರು 25 ಕೆಜಿ ಸಗಣಿಯಿಂದ ಒಂದು ಘನ ಮೀಟರ್ ಗ್ಯಾಸ್. ಅದರಿಂದ ಒಂದೂವರೆ ಯೂನಿಟ್ ಆಸುಪಾಸು. ಐದು ಎಚ್‌ಪಿ ಮೋಟಾರ್ ಏಳು ಗಂಟೆ ಓಡಲು 26 ಯೂನಿಟ್ ಬೇಕು. ಅಂದರೆ ನಲವತ್ತಕ್ಕೂ ಹೆಚ್ಚು ದನ! ಪಂಪ್‌ಸೆಟ್‌ಗೆ ಸರಿಯಾದ ಜೋಡಿ ಸೋಲಾರ್. ರಾಜ್ಯದಲ್ಲಿ 30 ಲಕ್ಷಕ್ಕೂ ಹೆಚ್ಚು ಪಂಪ್‌ಸೆಟ್ ಇವೆ. ಬಳಕೆಯಾಗುವ ವಿದ್ಯುತ್ತಿನಲ್ಲಿ ಸುಮಾರು ಮೂರನೇ ಒಂದು ಭಾಗ ಅವುಗಳದು. ಅವಕ್ಕೆ ತ್ರೀ ಫೇಸ್ ಕರೆಂಟನ್ನು ಹಗಲು ಹೊತ್ತಿನಲ್ಲೇ, ಹತ್ತಿರದ ಫೀಡರ್‌ಗೆ (ಊರುಗಳಿಗೆ ಕರೆಂಟು ಒಯ್ಯುವ ತಂತಿ ಸಾಲಿಗೆ) ಸೋಲಾರ್ ಜೋಡಿಸಿ ಕೊಟ್ಟರೆ ದೊಡ್ಡ ಹೊರೆ ಇಳಿಯುತ್ತದೆ. ರೈತ ರಾತ್ರಿ ಎರಡು ಗಂಟೆಗೆ ಹಾವು ಚೇಳಿನ ಭಯದಲ್ಲಿ ಮೋಟಾರ್ ಹಾಕಲು ಹೋಗುವುದು ತಪ್ಪುತ್ತದೆ. ನನ್ನ ಮಟ್ಟಿಗೆ ಅದೊಂದೇ ಸಾಕು ಈ ಯೋಜನೆಯನ್ನು ಬೇಗ ಮುಗಿಸಲು.

ಸೋಲಾರ್ ಅಂದಾಗ ಪಾವಗಡದ ಮಾತು ಬಂದೇ ಬರುತ್ತದೆ. ತಿರುಮಣಿ, ವಳ್ಳೂರು ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಪಾರ್ಕ್. ಅಲ್ಲಿ ಜಮೀನು ಕಿತ್ತುಕೊಳ್ಳದೆ 28 ವರ್ಷಕ್ಕೆ ಗುತ್ತಿಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಲಿಂಗನಮಕ್ಕಿಯ ಕಾಲಕ್ಕೆ ಹೋಲಿಸಿದರೆ ಇದು ಎಷ್ಟೋ ಒಳ್ಳೆಯ ದಾರಿ. ಭೂಮಿ ರೈತನ ಹೆಸರಲ್ಲೇ ಉಳಿಯಿತು. ಆದರೆ ಗುತ್ತಿಗೆ ಹಣ ಬಂದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಆ ಹೊಲಗಳಲ್ಲಿ ಕಡಲೆಕಾಯಿ ಕಿತ್ತು ಬದುಕುತ್ತಿದ್ದ ಕೂಲಿಯವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಪಹಣಿ ಎಲ್ಲಿಂದ ಬರಬೇಕು? ಅವರಿಗೆ ಬೇಲಿ ಸಿಕ್ಕಿತು. ಜೈವಿಕ ಶಕ್ತಿಯ ಮೇಲೆ ನನಗೆ ಅಷ್ಟು ಆಸೆ ಇರುವುದು ಇದಕ್ಕೇ. ಪಹಣಿ ಇಲ್ಲದವರಿಗೂ ಪಾಲು ಸಿಗುವ ವಿದ್ಯುತ್ ಅದು, ಸರಿಯಾಗಿ ಮಾಡಿದರೆ.

ಮಾತು ಮುಗಿದ ಮೇಲೆ ಒಬ್ಬ ರೈತರು ಎದ್ದು ಕೇಳಿದರು: ‘ಸಾರ್, ಹಾಗಾದ್ರೆ ನಮ್ಮೂರಿಗೂ ಒಂದು ಗ್ಯಾಸಿಫೈಯರ್ ಹಾಕಿಸೋಣವಾ?’

ಅವರಿಗೆ ನಾನು ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ದೀಪಕ್ಕಾಗಿ ಈಗ ಬೇಡ. ಹೊಸಹಳ್ಳಿಯಲ್ಲಿ ಅವತ್ತು ಕರೆಂಟೇ ಇರಲಿಲ್ಲ, ನಿಮ್ಮೂರಲ್ಲಿ ಟಿಸಿ (ಟ್ರಾನ್ಸ್‌ಫಾರ್ಮರ್) ಇದೆ, ತಂತಿ ಇದೆ. ಮೊದಲು ಎಲ್ಲಿ ಶಾಖ ಬೇಕೋ ಅಲ್ಲಿ ನೋಡಿ. ಅಡಿಕೆ ಬೇಯಿಸುವ ಒಲೆ, ಆಲೆಮನೆ, ಅಕ್ಕಿ ಗಿರಣಿ, ಹಾಸ್ಟೆಲ್ಲಿನ ಅಡುಗೆಮನೆ. ಅಲ್ಲಿ ಸೌದೆ, ಡೀಸೆಲ್, ಸಿಲಿಂಡರ್ ಉಳಿದರೆ ಲಾಭ ಕೂಡಲೇ ಕಾಣುತ್ತದೆ. ನಾಲ್ಕೈದು ದನ ಇರುವ ಮನೆಯವರು ಎರಡು ಘನ ಮೀಟರ್‌ನ ಗೋಬರ್ ಗ್ಯಾಸ್ ಮಾಡಿಸಿಕೊಳ್ಳಿ, ಮನೆಯ ಅಡುಗೆ ಅದರಲ್ಲೇ ಆಗುತ್ತದೆ.

ಒಂದೆರಡು ದನ ಇರುವವರು ಹೆಚ್ಚಿದ್ದರೆ, ಹಾಲಿನ ಡೇರಿ ಇರುವ ಕಡೆ ಪಂಚಾಯಿತಿಯಿಂದ ಸೇರಿ ಒಂದು ದೊಡ್ಡ ಸ್ಥಾವರ ಯೋಚಿಸಬಹುದು. ಆಗ ಪುರದವರ ಹಾಗೆ ತಕ್ಕಡಿ ಇಡಿ. ಬಗ್ಗಡ ವಾಪಸ್ ಕೊಡಿ. ದುಡ್ಡು ಹಾಕುವ ಬ್ಯಾಂಕ್ ಖಾತೆಯನ್ನು ಮಾತ್ರ ಮನೆ ಯಜಮಾನರ ಹೆಸರಲ್ಲಿ ಮಾಡಿಸಬೇಡಿ. ದಿನಾ ಬೆಳಿಗ್ಗೆ ಸಗಣಿ ಬಾಚಿ ತರುವ ಹೆಣ್ಣುಮಗಳ ಹೆಸರಲ್ಲಿ ಮಾಡಿಸಿ.